ಐಪ್ಟೇಶಿಯಾ ಕಾಟ: ಸುಣ್ಣ, ಸೀಗಡಿ, ಬರ್ಗಿಯಾ ಮೂರನ್ನೂ ಬಳಸಿ ನೋಡಿದ ಮೇಲೆ

ಮನೆಯ ರೀಫ್ ಟ್ಯಾಂಕಿಗೆ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಮ್ಮಿಗೆ, ತಂದ ಹೊಸ ಹವಳದ ಬುಡಕ್ಕೆ ಕಂದು ಬಣ್ಣದ ಪುಟ್ಟ ಹೂವಿನಂಥದ್ದೊಂದು ಅಂಟಿಕೊಂಡು ಬಂದಿತ್ತು. ಚೆನ್ನಾಗಿದೆ ಅಂತ ಸುಮ್ನೆ ಬಿಟ್ಟೆ. ಮೂರೇ ತಿಂಗಳಲ್ಲಿ ಬಂಡೆಯ ತುಂಬಾ ಅದೇ. ಕಡ್ಡಿಯಿಂದ ಮುಟ್ಟಿದರೆ ಸರಕ್ಕನೆ ಬಿಲದೊಳಗೆ ಹೋಗುತ್ತಿತ್ತು, ಎಳೆಗಳು ಉದ್ದ, ತುದಿ ಚೂಪು. ಇದು ಐಪ್ಟೇಶಿಯಾ, ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬುವ ಸೀ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಅಂತ ಆಗ ಗೊತ್ತಾಯಿತು. ಎಳೆ ಗಿಡ್ಡವಾಗಿದ್ದು ತುದಿ ಉಬ್ಬಿದ್ದರೆ ಅದು ಮಜಾನೋ, ಬೇರೆ ಜಾತಿ. ಚಿಮಟದಿಂದ ಮಾತ್ರ ಕೀಳಬೇಡಿ. ಬುಡದ ಚೂರು ಉಳಿದರೂ ಅದರಿಂದ ಹೊಸದು ಹುಟ್ಟುತ್ತದೆ.

ಮೊದಲು ಸುಣ್ಣ. ರೀಫ್ ಟ್ಯಾಂಕಿಗೆ ಹಾಕುವ ಕಾಲ್ಕ್‌ವಾಸರ್ ಎಂಬ ಸುಣ್ಣದ ಪುಡಿಯನ್ನು ಟೂತ್‌ಪೇಸ್ಟ್ ಹದಕ್ಕೆ ಕಲಸಿ ಸಿರಿಂಜಿಗೆ ತುಂಬಿದೆ. ಪಂಪ್ ಆಫ್ ಮಾಡಿ, ಸಿರಿಂಜಿನ ತುದಿಯನ್ನು ಮೆಲ್ಲಗೆ ಐಪ್ಟೇಶಿಯಾದ ಬಾಯಿಯ ಹತ್ತಿರ ತಂದು ಒತ್ತಿದೆ. ಆತುರಪಟ್ಟರೆ ಒಳಗೆ ಓಡಿಬಿಡುತ್ತದೆ. ಬಿಳಿ ಮುದ್ದೆ ಮೇಲೆ ಕೂತಿತು, ಎಳೆಗಳು ಮುದುಡಿದವು. ಒಂದೇ ದಿನ ಜಾಸ್ತಿ ಹಾಕಿದರೆ ನೀರಿನ ಪಿಎಚ್ ಏರುತ್ತದೆ, ಹಾಗಾಗಿ ದಿನಕ್ಕೆ ನಾಲ್ಕೈದು ಅಷ್ಟೇ. ಕೈಗೆ ಗ್ಲೌಸ್ ಬೇಕೇ ಬೇಕು. ಎದುರಿಗೆ ಕಾಣುತ್ತಿದ್ದವು ಹೋದವು. ಸಂದಿಯಲ್ಲಿದ್ದವು ಎರಡೇ ವಾರದಲ್ಲಿ ಮತ್ತೆ ತಲೆ ಎತ್ತಿದವು.

ಆಮೇಲೆ ಮೂರು ಪೆಪ್ಪರ್‌ಮಿಂಟ್ ಸೀಗಡಿ ಬಿಟ್ಟೆ. ಸಣ್ಣ ಐಪ್ಟೇಶಿಯಾಗಳನ್ನು ರಾತ್ರಿ ತಿಂದವು, ದೊಡ್ಡದರ ತಂಟೆಗೇ ಹೋಗಲಿಲ್ಲ. ಮೀನಿಗೆ ಹಾಕಿದ ಆಹಾರ ಸಿಕ್ಕರೆ ಅಷ್ಟೂ ಇಲ್ಲ. ಹವಳದ ಬಾಯಿಂದಲೂ ತುತ್ತು ಕಿತ್ತುಕೊಳ್ಳುತ್ತಿದ್ದವು. ಕೊಳ್ಳುವಾಗ ಎಚ್ಚರ ಇರಲಿ. ಬೆನ್ನು ಉಬ್ಬಿ, ಮೈಮೇಲೆ ಬಿಳಿ ಗೆರೆ ಇದ್ದರೆ ಅದು ಕ್ಯಾಮೆಲ್ ಸೀಗಡಿ. ಅದು ಹವಳವನ್ನೇ ತಿನ್ನಬಹುದು.

ನನ್ನ ಟ್ಯಾಂಕನ್ನು ಉಳಿಸಿದ್ದು ಬರ್ಗಿಯಾ. ಹೆಚ್ಚೆಂದರೆ ಎರಡು ಮೂರು ಸೆಂಟಿಮೀಟರ್ ಉದ್ದದ ಸಮುದ್ರದ ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು). ಐಪ್ಟೇಶಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಸೀಗಡಿಗಳು ಇವನ್ನೂ ತಿಂದಾವು ಅಂತ ಮೊದಲು ಅವನ್ನು ಹೊರಗೆ ಸಾಗಿಸಿದೆ, ಹುಳುಗಳು ಒಳಗೆ ಎಳೆದುಹೋಗದಂತೆ ಪಂಪಿನ ಬಾಯಿಗೆ ಸ್ಪಂಜು ಕಟ್ಟಿದೆ. ಟ್ಯಾಂಕಿನಲ್ಲಿ ರಾಸ್ (wrasse) ಜಾತಿಯ ಮೀನು ಇದ್ದರೂ ಹುಳುಗಳನ್ನು ತಿಂದುಬಿಡುವ ಅಪಾಯ ಇದೆ. ದೀಪ ಆರಿಸಿ, ಎಂಟು ಹುಳುಗಳನ್ನು ಪಿಪೆಟ್‌ನಿಂದ ಬಂಡೆಯ ಬುಡಕ್ಕೇ ಬಿಟ್ಟೆ. ಒಂದು ತಿಂಗಳು ಏನೂ ಕಾಣಲಿಲ್ಲ. ದುಡ್ಡು ನೀರಿಗೆ ಹೋಯಿತು ಅನಿಸಿತ್ತು. ಒಂದು ರಾತ್ರಿ ಟಾರ್ಚ್ ಹಿಡಿದಾಗ ಗಾಜಿನ ಮೇಲೆ ಬಿಳಿ ದಾರ ಸುರುಳಿ ಸುತ್ತಿದಂತೆ ಮೊಟ್ಟೆ ಕಂಡಿತು. ಎಂಥ ಖುಷಿ ಆಯ್ತು! ಅಲ್ಲಿಂದ ಮುಂದೆ ವಾರ ವಾರಕ್ಕೂ ಕಳೆ ಕಡಿಮೆಯಾಯಿತು, ಸುಣ್ಣ ತಲುಪದ ಸಂದಿಯಲ್ಲೂ.

ನಾಲ್ಕೈದೇ ಕಂಡರೆ ಇವತ್ತಿಗೂ ಸಿರಿಂಜೇ ಹಿಡಿಯುತ್ತೇನೆ. ಬಂಡೆ ತುಂಬಾ ಹಬ್ಬಿದ್ದರೆ ಬರ್ಗಿಯಾನೇ ಸರಿ. ಆದರೆ ತಿನ್ನಲು ಐಪ್ಟೇಶಿಯಾ ಮುಗಿದರೆ ಅವು ಹಸಿದು ಸಾಯುತ್ತವೆ. ಅದಕ್ಕೇ ಉಳಿದ ಆರನ್ನು ಹಿಡಿದು, ಇದೇ ಕಾಟದಲ್ಲಿದ್ದ ಗೆಳೆಯನ ಟ್ಯಾಂಕಿಗೆ ಬಿಟ್ಟು ಬಂದೆ.