ಮೈನಸ್ ಮೂವತ್ತರಲ್ಲಿ ಕಾರು ಎಬ್ಬಿಸಲು: ರಿಮೋಟೋ, ಬ್ಲಾಕ್ ಹೀಟರೋ?

ಕೆನಡಾದ ವಿನಿಪೆಗ್‌ಗೆ ಬಂದ ವರ್ಷ ಬಾಡಿಗೆ ಮನೆ ತೋರಿಸಿದವರು, "ಪಾರ್ಕಿಂಗ್‌ನಲ್ಲಿ ಪ್ಲಗ್ ಇಲ್ಲ, ಪರವಾಗಿಲ್ಲವೇ?" ಎಂದು ಕೇಳಿದಾಗ ನಕ್ಕುಬಿಟ್ಟಿದ್ದೆ. ಪೆಟ್ರೋಲ್ ಕಾರಿಗೆ ಪ್ಲಗ್ ಯಾಕೆ? ಮಲೆನಾಡಿನ ಸಾಗರದ ಮಳೆಯಲ್ಲಿ ಬೆಳೆದವನಿಗೆ ಚಳಿ ಎಂದರೆ ಕಂಬಳಿಯ ವಿಷಯ, ಕಾರಿನದಲ್ಲ.

ಆ ಚಳಿಗಾಲ ಪೂರ್ತಿ ರಿಮೋಟ್ ಸ್ಟಾರ್ಟರ್ ನಂಬಿ ಕಳೆದೆ. ಅಡುಗೆಮನೆಯ ಕಿಟಕಿಯಿಂದ ಗುಂಡಿ ಒತ್ತಿದರೆ ಕೆಳಗೆ ಕಾರಿನ ದೀಪ ಮಿನುಗಿ, ಹೊಗೆ ಏಳುತ್ತದೆ. ಕಾಫಿ ಮುಗಿಯುವಷ್ಟರಲ್ಲಿ ಗಾಜಿನ ಮಂಜುಗಡ್ಡೆ ಸಡಿಲವಾಗಿ, ಸೀಟು ಕೂರುವಂತಾಗಿರುತ್ತದೆ. ಈ ಸುಖಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಜನವರಿಯ ಒಂದು ಬೆಳಿಗ್ಗೆ, ಮೈನಸ್ 34ರಲ್ಲಿ, ಗುಂಡಿ ಒತ್ತಿದರೆ ದೀಪ ಒಮ್ಮೆ ಮಿನುಗಿ ಆರಿಹೋಯಿತು. ಕೆಳಗಿಳಿದು ಕೀಲಿ ತಿರುಗಿಸಿದರೆ ಬರೀ ಟಿಕ್, ಟಿಕ್. ಅಷ್ಟು ಚಳಿಗೆ ಎಂಜಿನ್ ಆಯಿಲ್ ಜೋನಿಬೆಲ್ಲದಂತೆ ಮಂದವಾಗುತ್ತದೆ, ಬ್ಯಾಟರಿಯ ಕಸುವೂ ಅರ್ಧಕ್ಕರ್ಧ ಇಳಿಯುತ್ತದೆ. ರಿಮೋಟ್ ಎಂಬುದು ಕೀಲಿ ತಿರುಗಿಸುವ ಉದ್ದನೆಯ ಕೈ, ಅಷ್ಟೇ. ತಿರುಗಲಾರದ ಎಂಜಿನ್ನಿಗೆ ಅದು ಏನೂ ಮಾಡಲಾರದು.

ಮುಂದಿನ ವರ್ಷ ಪ್ಲಗ್ ಇರುವ ಮನೆ ಹಿಡಿದೆವು. ಕಾರು ಇಲ್ಲೇ ಕೊಂಡದ್ದಾದ್ದರಿಂದ ಬ್ಲಾಕ್ ಹೀಟರ್ ಅದರಲ್ಲೇ ಇತ್ತು. ಮುಂದಿನ ಜಾಲರಿಯಿಂದ ನಾಲಿಗೆಯಂತೆ ಇಣುಕುವ ತಂತಿ ಅದರದೇ ಎಂದು ತಿಳಿದದ್ದು ಮಾತ್ರ ಆಗ. ಅದು ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ಎಂಬ ದ್ರವವನ್ನು ಬೆಚ್ಚಗಿಡುತ್ತದೆ. ರಾತ್ರಿಯಿಡೀ ಉರಿಸಬೇಕಾಗಿಲ್ಲ, ಹೊರಡುವ ನಾಲ್ಕು ಗಂಟೆ ಮೊದಲು ಟೈಮರ್ ಹಚ್ಚಿದರೆ ಸಾಕು. ನನ್ನದು 400 ವ್ಯಾಟಿನದು, ಅಂದರೆ ದಿನಕ್ಕೆ 1.6 ಯೂನಿಟ್. ಈ ಊರಿರುವ ಮ್ಯಾನಿಟೋಬಾ ಪ್ರಾಂತ್ಯದ ಕರೆಂಟೂ ನಮ್ಮ ಶರಾವತಿಯದರಂತೆ ಬಹುಪಾಲು ನೀರಿನದೇ, ಅಗ್ಗವೂ ಹೌದು. ಅದೇ ಕಾರು ಮೈನಸ್ 30ರಲ್ಲಿ ಒಂದೇ ತಿರುವಿಗೆ ಎದ್ದಿತು. ಕಾರಿನೊಳಗಿನ ಹೀಟರಿನಿಂದ ಬಿಸಿಗಾಳಿಯೂ ಬೇಗ ಬಂದಿತು.

ಕಿರಿಕಿರಿ ಇಲ್ಲವೆಂದಲ್ಲ. ಗಾಜಿನ ಮಂಜುಗಡ್ಡೆಯನ್ನು ಕೈಯಾರೆ ಕೆರೆಯಬೇಕು. ಸೀಟು ಕಲ್ಲುಬೆಂಚಿನಷ್ಟು ತಣ್ಣಗಿರುತ್ತದೆ. ಸಾಧಾರಣ ಎಕ್ಸ್‌ಟೆನ್ಷನ್ ತಂತಿ ಈ ಚಳಿಗೆ ಕೋಲಿನಂತೆ ಸೆಟೆದು ಮೇಲಿನ ರಬ್ಬರು ಬಿರಿಯುತ್ತದೆ. ಚಳಿಗೆಂದೇ ಮಾಡಿದ, ಹೊರಾಂಗಣದ ದಪ್ಪ ತಂತಿಯನ್ನೇ ಕೊಳ್ಳಬೇಕು.

ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಬ್ಲಾಕ್ ಹೀಟರಿಗೆ. ಮೈನಸ್ 15ರವರೆಗೆ, ಒಳ್ಳೆಯ ಬ್ಯಾಟರಿ ಇದ್ದರೆ, ರಿಮೋಟ್ ಒಂದೇ ಸಾಕು. ಅದರ ಕೆಳಗೆ ಇಳಿದರೆ ಪ್ಲಗ್ ಬೇಕು. ಪ್ಲಗ್ ಇಲ್ಲದ ಮನೆಯವರು ರಿಮೋಟಿಗೆ ಹಣ ಸುರಿಯುವ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ, ಸಿಂಥೆಟಿಕ್ ಆಯಿಲ್ ಹಾಕಿಸಲಿ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ರಿಮೋಟ್ ಒತ್ತಲೇಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಅಂದ ಹಾಗೆ, ಇವೆರಡೂ ಕಾರನ್ನು ಹೊರಡಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ. ಅದಕ್ಕೆ ಚಳಿಗಾಲದ ಟೈರುಗಳೇ ಬೇಕು.

ತಂತಿ ಬಿಚ್ಚುವುದನ್ನು ಮರೆತು ಒಮ್ಮೆ ಹಾಗೆಯೇ ಹೊರಟು, ಗೋಡೆಯ ಪ್ಲಗ್ಗನ್ನೇ ಕಿತ್ತುಕೊಂಡು ಬಂದಿದ್ದೆ. ಅಂದಿನಿಂದ ತಂತಿಯನ್ನು ಚಾಲಕನ ಕಡೆಯ ಕನ್ನಡಿಗೆ ಒಂದು ಸುತ್ತು ಹಾಕಿಯೇ ಪ್ಲಗ್ಗಿಗೆ ಸಿಕ್ಕಿಸುತ್ತೇನೆ. "ಕಾರಿಗೂ ತೋರಣ ಕಟ್ಟಿದಿರಾ?" ಎಂದು ಹೆಂಡತಿ ಈಗಲೂ ಕೇಳುತ್ತಾಳೆ.