ಸಣ್ಣ ವಿಶ್ವವಿದ್ಯಾಲಯವೊಂದರ ಆಡಳಿತ ಪ್ರಕಟಣಾ ಸೇವೆ: ಹಲವು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದ ಕಾರಣ ಮುಂದೆ ಬರುತ್ತದೆ, ಅದು ಸಣ್ಣ ಕಾರಣವಲ್ಲ.

ಒಂದು ಸಣ್ಣ ಸರ್ಕಾರಿ ವಿಶ್ವವಿದ್ಯಾಲಯದ ವಿಭಾಗವೊಂದರ ಕಚೇರಿ ಕೆಲಸ ನನ್ನದು. ಅಧ್ಯಾಪಕರ ರಜೆ ಅರ್ಜಿ, ವಿದ್ಯಾರ್ಥಿಗಳ ನೋಂದಣಿ, ಪ್ರಯೋಗಾಲಯದ ಖರೀದಿ ಕಡತ, ಸಭಾಂಗಣ ಕಾಯ್ದಿರಿಸುವುದು ಎಲ್ಲವೂ ನನ್ನ ಮೇಜನ್ನು ದಾಟಿಯೇ ಹೋಗಬೇಕು. ಹಾಗಾಗಿ ಕುಲಸಚಿವರ ಕಚೇರಿಯಿಂದ ಹೊರಡುವ ಪ್ರತಿ ಸುತ್ತೋಲೆಯೂ ನನಗೆ ಆ ದಿನದ ಕೆಲಸವನ್ನು ಬದಲಿಸುವ ಕಾಗದ. ಇಲ್ಲಿ ನಾನು ವಿಮರ್ಶಿಸುತ್ತಿರುವ ಸೇವೆಯಲ್ಲಿ ನಾಲ್ಕು ಭಾಗಗಳಿವೆ: ಸೋಮವಾರ ಬೆಳಿಗ್ಗೆ ಬರುವ ಇಮೇಲ್ ಸಂಚಿಕೆ, ಎಲ್ಲ ಸುತ್ತೋಲೆಗಳನ್ನು ಕೂಡಿಡುವ ಜಾಲತಾಣ, ಕಟ್ಟಡ ಮತ್ತು ಸೌಲಭ್ಯಗಳ ಸ್ಥಿತಿ ತಿಳಿಸುವ ಪುಟ, ತುರ್ತು ಸಂದೇಶದ ವ್ಯವಸ್ಥೆ. ಹಣ ಕೊಟ್ಟು ಕೊಳ್ಳುವ ವಸ್ತು ಇದಲ್ಲ. ಆದರೆ ದಿನವೂ ಬಳಸುವವರಿಗೆ ಇದರ ಗುಣದೋಷಗಳು ಯಾವುದೇ ಉಪಕರಣದ ಗುಣದೋಷಗಳಷ್ಟೇ ಮುಖ್ಯ.

ಇದು ಬರುವ ಮೊದಲು ಸುತ್ತೋಲೆಗಳು ಸೂಚನಾ ಫಲಕದ ಮೇಲಿರುತ್ತಿದ್ದವು, ಇಲ್ಲವೇ ಯಾರೋ ಮೊಬೈಲ್‌ನಲ್ಲಿ ಚಿತ್ರ ತೆಗೆದು ಹಂಚಿದ ಪ್ರತಿಯಾಗಿ ತಲುಪುತ್ತಿದ್ದವು. ಚಿತ್ರದಲ್ಲಿ ಮೇಲಿನ ಅಂಚು ಕತ್ತರಿಸಿ ಹೋಗಿದ್ದರೆ ದಿನಾಂಕವೇ ಇಲ್ಲ. ಹಿಂದಿನ ವರ್ಷದ ಶುಲ್ಕದ ಸುತ್ತೋಲೆ ಈ ವರ್ಷದ್ದೆಂದು ಸುತ್ತಾಡುತ್ತಿತ್ತು. ಈಗ ಪ್ರತಿ ಸುತ್ತೋಲೆಗೂ ಒಂದು ಸಂಖ್ಯೆ ಇದೆ, ಜಾಲತಾಣದಲ್ಲಿ ಒಂದು ಖಾಯಂ ವಿಳಾಸ ಇದೆ. ಯಾರಾದರೂ ಕೇಳಿದರೆ ಆ ವಿಳಾಸವನ್ನೇ ಕಳುಹಿಸುತ್ತೇನೆ. ಇಡೀ ಸೇವೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾಗಿರುವುದು ಈ ಒಂದೇ ಬದಲಾವಣೆ.

ಎರಡನೆಯ ಒಳ್ಳೆಯ ಅಂಶ ಸುತ್ತೋಲೆಯ ಬರವಣಿಗೆಯದು. ಹಳೆಯ ಸುತ್ತೋಲೆಗಳು 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಆದೇಶದನ್ವಯ' ಎಂದು ಆರಂಭವಾಗಿ, ವಿಷಯ ಬರುವ ಹೊತ್ತಿಗೆ ಪುಟ ಮುಗಿದಿರುತ್ತಿತ್ತು. ಈಗ ಮೊದಲ ಭಾಗದಲ್ಲೇ ನಾಲ್ಕು ಸಾಲುಗಳಿರುತ್ತವೆ: ಇದು ಯಾರಿಗೆ, ಎಂದಿನಿಂದ ಜಾರಿ, ಮೊದಲು ಏನಿತ್ತು, ಈಗ ಏನಾಯಿತು. ಆದೇಶದ ಪೂರ್ಣ ಪಾಠ ಅದರ ಕೆಳಗೆ ಇದ್ದೇ ಇರುತ್ತದೆ. ಲೆಕ್ಕಪರಿಶೋಧನೆಯವರಿಗೆ ಅದು ಬೇಕು, ನನಗೂ ಕೆಲವೊಮ್ಮೆ ಬೇಕು. ಆದರೆ ಕೌಂಟರ್ ಮುಂದೆ ವಿದ್ಯಾರ್ಥಿ ನಿಂತಿರುವಾಗ ನನಗೆ ಬೇಕಾಗುವುದು ಮೇಲಿನ ನಾಲ್ಕು ಸಾಲು ಮಾತ್ರ. 'ಮೊದಲು ಏನಿತ್ತು' ಎಂಬ ಸಾಲನ್ನು ಯಾರು ಸೇರಿಸಿದರೋ ಅವರಿಗೆ ನಾನು ಋಣಿ. ಹೊಸ ನಿಯಮ ಹೇಳುವುದು ಸುಲಭ. ಹಳೆಯ ಯಾವ ನಿಯಮ ರದ್ದಾಯಿತು ಎಂದು ಹೇಳದೆ ಹೋದರೆ ಎರಡೂ ಒಟ್ಟಿಗೆ ಬದುಕಿರುತ್ತವೆ, ಒಂದೊಂದು ವಿಭಾಗ ಒಂದೊಂದನ್ನು ಪಾಲಿಸುತ್ತದೆ.

ದಿನಾಂಕ, ವೇಳೆಗಳ ವಿಷಯದಲ್ಲೂ ಒಂದು ಶಿಸ್ತು ಬಂದಿದೆ. 03/04 ಎಂದು ಬರೆದರೆ ಕೆಲವರಿಗೆ ಅದು ಏಪ್ರಿಲ್ 3, ಬೇರೆ ದೇಶದಿಂದ ಬಂದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಾರ್ಚ್ 4. ಈಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತಾರೆ, ಜೊತೆಗೆ ವಾರವನ್ನೂ ಸೇರಿಸುತ್ತಾರೆ. ವಾರ ಸೇರಿಸುವುದರಿಂದ ಇನ್ನೊಂದು ಲಾಭವಿದೆ: ದಿನಾಂಕ ತಪ್ಪಾಗಿ ಅಚ್ಚಾಗಿದ್ದರೆ ವಾರಕ್ಕೂ ದಿನಾಂಕಕ್ಕೂ ತಾಳೆಯಾಗದೆ ತಪ್ಪು ತಕ್ಷಣ ಗೊತ್ತಾಗುತ್ತದೆ. 'ಮಧ್ಯರಾತ್ರಿ 12 ಗಂಟೆಯೊಳಗೆ' ಎಂಬ ಮಾತನ್ನೂ ಕೈಬಿಟ್ಟಿದ್ದಾರೆ. 15ನೇ ತಾರೀಖಿನ ಮಧ್ಯರಾತ್ರಿ ಎಂದರೆ ಆ ದಿನ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂಬ ಜಗಳ ದಂಡಶುಲ್ಕದ ಕೌಂಟರಿನಲ್ಲಿ ಎಷ್ಟೋ ಸಲ ನಡೆದಿತ್ತು. ಈಗ ರಾತ್ರಿ 11:59 ಎಂದೇ ಬರೆಯುತ್ತಾರೆ. ಕೊನೆಯ ದಿನಾಂಕಗಳೆಲ್ಲ ಮೊಬೈಲ್ ಕ್ಯಾಲೆಂಡರಿಗೆ ಸೇರುವ ಕಡತವಾಗಿಯೂ ಸಿಗುತ್ತವೆ. 1998ರಲ್ಲಿ ಮೊದಲು ಪ್ರಕಟವಾದ ಐಕ್ಯಾಲೆಂಡರ್ ಮಾದರಿಯನ್ನು ಬಹುತೇಕ ಎಲ್ಲ ಮೊಬೈಲ್‌ಗಳೂ ಕಂಪ್ಯೂಟರ್‌ಗಳೂ ಅರ್ಥಮಾಡಿಕೊಳ್ಳುತ್ತವೆ, ಹಾಗಾಗಿ ಬೇರೆ ಆ್ಯಪ್ ಹಾಕಿಕೊಳ್ಳುವ ಅಗತ್ಯವಿಲ್ಲ.

ಇನ್ನು ಕ್ಯಾಂಪಸ್ ಸ್ಥಿತಿಗತಿಯ ಪುಟ. ಈ ಸೇವೆಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಕುಲಪತಿಗಳ ಸಂದೇಶ ಒಂದು ದಿನ ತಡವಾಗಿ ಓದಿದರೆ ಯಾರಿಗೂ ನಷ್ಟವಿಲ್ಲ. ವಿದ್ಯುತ್ ನಿಲುಗಡೆಯ ಸೂಚನೆ ಒಂದು ಗಂಟೆ ತಡವಾದರೆ ನಷ್ಟವಿದೆ. ನಮ್ಮ ಕಟ್ಟಡದಲ್ಲಿ ಜೈವಿಕ ಮಾದರಿಗಳನ್ನು ಇಡುವ, ಮೈನಸ್ 80 ಡಿಗ್ರಿಯ ಶೈತ್ಯಪೆಟ್ಟಿಗೆಗಳಿವೆ. ಬಾಗಿಲು ತೆರೆಯದೆ ಇದ್ದರೆ ಅವು ಕೆಲವು ಗಂಟೆ ತಂಪು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ವಿದ್ಯುತ್ ಹೋಗಲಿದೆ ಎಂದು ಗೊತ್ತಿಲ್ಲದ ಸಂಶೋಧನಾ ವಿದ್ಯಾರ್ಥಿ ಅದೇ ಹೊತ್ತಿಗೆ ಬಾಗಿಲು ತೆರೆದು ಮಾದರಿ ಹುಡುಕುತ್ತಾ ನಿಂತರೆ ವರ್ಷಗಳ ಕೆಲಸ ಹಾಳಾಗಬಹುದು. ಆದ್ದರಿಂದ ನಿಲುಗಡೆಯ ಸೂಚನೆಯಲ್ಲಿ 'ನಿರ್ವಹಣೆಯ ಕಾರಣ ವಿದ್ಯುತ್ ಇರುವುದಿಲ್ಲ' ಎಂದಷ್ಟೇ ಇದ್ದರೆ ಸಾಲದು. ಯಾವ ಕಟ್ಟಡ, ಯಾವ ಮಹಡಿ, ಎಷ್ಟರಿಂದ ಎಷ್ಟರವರೆಗೆ, ಜನರೇಟರ್‌ಗೆ ಜೋಡಿಸಿರುವ ಪ್ಲಗ್‌ಗಳು ಯಾವುವು, ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಬೇಕು. ಆರಂಭದಲ್ಲಿ ಇವು ಯಾವುವೂ ಇರಲಿಲ್ಲ. ಪ್ರಯೋಗಾಲಯಗಳವರು ಪಟ್ಟು ಹಿಡಿದು ಕೇಳಿದ ಮೇಲೆ ಒಂದೊಂದಾಗಿ ಸೇರಿದವು. ಕೇಳಿದರೆ ಬದಲಾಗುತ್ತದೆ ಎಂಬುದು ಈ ಸೇವೆಯ ಬಗ್ಗೆ ನಾನು ಮೆಚ್ಚಿ ಹೇಳುವ ಮಾತು.

ಲಿಫ್ಟ್ ದುರಸ್ತಿಯ ಸೂಚನೆಗೂ ಇದೇ ಮಾತು ಅನ್ವಯಿಸುತ್ತದೆ. ಮೆಟ್ಟಿಲು ಹತ್ತಬಲ್ಲವರಿಗೆ ಅದು ಓದಿ ಮರೆಯುವ ಸುದ್ದಿ. ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಗೆ ಅಂದಿನ ತರಗತಿ ಇದೆಯೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿದೆ. ಈಗ ಲಿಫ್ಟ್ ನಿಂತ ಕೂಡಲೇ ಆ ಕಟ್ಟಡದಲ್ಲಿ ಮೇಲ್ಮಹಡಿಯ ತರಗತಿಗಳಿರುವ ವಿಭಾಗಗಳಿಗೆ ಬೇರೆಯಾಗಿ ಸೂಚನೆ ಬರುತ್ತದೆ, ನೆಲಮಹಡಿಯಲ್ಲಿ ಖಾಲಿ ಇರುವ ಕೊಠಡಿಗಳ ಪಟ್ಟಿಯೂ ಅದರಲ್ಲಿರುತ್ತದೆ. ಕೊಠಡಿ ಬದಲಿಸಲು ನನಗೆ ಒಂದು ಫೋನ್ ಕರೆ ಸಾಕಾಗುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಅರ್ಜಿ, ಅನುಮೋದನೆ ಎಂದು ಹಲವು ಹಂತಗಳಿರುತ್ತವೆ. ಸಣ್ಣ ಸಂಸ್ಥೆಯ ಅನುಕೂಲ ಇದೇ: ನಿರ್ವಹಣಾ ವಿಭಾಗದವರಿಗೆ ನನ್ನ ದನಿ ಗೊತ್ತು, ನನಗೆ ಅವರ ಕೆಲಸದ ಒತ್ತಡ ಗೊತ್ತು.

ಸಣ್ಣತನದ ತೊಂದರೆಯೂ ಅಲ್ಲೇ ಇದೆ. ಸೋಮವಾರದ ಸಂಚಿಕೆಯನ್ನು ಸಿದ್ಧಪಡಿಸುವುದು ಒಬ್ಬರೇ. ಅವರು ರಜೆ ಹಾಕಿದ ವಾರ ಸಂಚಿಕೆ ಬರುವುದಿಲ್ಲ, ಅಥವಾ ಎರಡು ವಾರದ್ದು ಒಟ್ಟಿಗೆ ಬರುತ್ತದೆ, ಅಷ್ಟರಲ್ಲಿ ಅದರೊಳಗಿನ ಕೆಲವು ದಿನಾಂಕಗಳು ಮುಗಿದಿರುತ್ತವೆ. ಇದು ಅವರ ತಪ್ಪೆಂದು ನಾನು ಒಪ್ಪುವುದಿಲ್ಲ. ಅವರು ಮಾಡುವ ಕೆಲಸವನ್ನು ಆಡಳಿತ ಒಂದು ಹುದ್ದೆಯೆಂದು ಕಂಡೇ ಇಲ್ಲ. ಇತರ ಕೆಲಸಗಳ ನಡುವೆ ಮಾಡಬೇಕಾದ ಹೆಚ್ಚುವರಿ ಕೆಲಸವೆಂದು ಕೊಟ್ಟಿದೆ. ಎರಡನೆಯ ಒಬ್ಬರಿಗೆ ತರಬೇತಿ ಕೊಟ್ಟು ಪ್ರಕಟಿಸುವ ಅಧಿಕಾರ ಕೊಡಲು ದೊಡ್ಡ ಖರ್ಚೇನೂ ಇಲ್ಲ. ಇಷ್ಟು ವರ್ಷಗಳಾದರೂ ಅದು ಆಗಿಲ್ಲ ಎಂಬುದು ನನಗೆ ಬೇಸರ ತರಿಸುತ್ತದೆ.

ಈಗ ಆ ಒಂದು ಅಂಕದ ವಿಷಯ. ಪ್ರಕಟವಾದ ಸುತ್ತೋಲೆಯನ್ನು ಸದ್ದಿಲ್ಲದೆ ತಿದ್ದುವ ಅಭ್ಯಾಸ ಇಲ್ಲಿದೆ. ಸುತ್ತೋಲೆಯ ಸಂಖ್ಯೆ ಅದೇ, ವಿಳಾಸ ಅದೇ, ಪ್ರಕಟಣೆಯ ದಿನಾಂಕವೂ ಅದೇ ಇರುತ್ತದೆ, ಒಳಗಿನ ಒಂದು ದಿನಾಂಕ ಮಾತ್ರ ಬದಲಾಗಿರುತ್ತದೆ. ಒಮ್ಮೆ ಪರೀಕ್ಷಾ ಅರ್ಜಿಯಲ್ಲಿ ತಿದ್ದುಪಡಿ ಮಾಡಿಕೊಳ್ಳುವ ಕೊನೆಯ ದಿನವನ್ನು ಹೀಗೆ ಹಿಂದಕ್ಕೆ ತಂದರು. ಮೊದಲ ದಿನವೇ ಓದಿ ದಿನಾಂಕ ಬರೆದಿಟ್ಟುಕೊಂಡ ವಿದ್ಯಾರ್ಥಿಗಳು ಅವಕಾಶ ಕಳೆದುಕೊಂಡರು. ತಡವಾಗಿ ಓದಿದವರಿಗೆ ಸರಿಯಾದ ದಿನಾಂಕ ಸಿಕ್ಕಿತು. ಜಾಗರೂಕರಾಗಿದ್ದವರಿಗೇ ಶಿಕ್ಷೆಯಾದಂತಾಯಿತು. 'ಜಾಲತಾಣದಲ್ಲಿ ಸರಿಯಾಗಿಯೇ ಇದೆಯಲ್ಲ' ಎಂದು ಕಚೇರಿಯವರು ಹೇಳಿದಾಗ ಆ ವಿದ್ಯಾರ್ಥಿಗಳ ಬಳಿ ತೋರಿಸಲು ಏನೂ ಇರಲಿಲ್ಲ. ಕೊನೆಗೆ ಹಳೆಯ ಪ್ರತಿಯನ್ನು ಮುದ್ರಿಸಿ ಇಟ್ಟುಕೊಂಡಿದ್ದ ಇನ್ನೊಂದು ವಿಭಾಗದವರಿಂದ ಅದನ್ನು ತಂದು ತೋರಿಸಿದ ಮೇಲೆ ಎರಡು ದಿನ ಹೆಚ್ಚಿಗೆ ಕೊಟ್ಟರು.

ಕಾಗದದ ಕಾಲದಲ್ಲಿ ಇದಕ್ಕೊಂದು ಪದ್ಧತಿ ಇತ್ತು: ತಿದ್ದೋಲೆ. ಹೊರಟ ಆದೇಶವನ್ನು ಯಾರೂ ಮುಟ್ಟುತ್ತಿರಲಿಲ್ಲ, 'ಇಂಥ ಸಾಲಿನಲ್ಲಿ ಹೀಗೆಂದು ಇರುವುದನ್ನು ಹೀಗೆಂದು ಓದಿಕೊಳ್ಳತಕ್ಕದ್ದು' ಎಂದು ಇನ್ನೊಂದು ಕಾಗದ ಹೊರಡುತ್ತಿತ್ತು. ಗಣಕಕ್ಕೆ ಬಂದ ಮೇಲೆ ಈ ಪದ್ಧತಿ ಇನ್ನೂ ಸುಲಭವಾಗಬೇಕಿತ್ತು. ಪುಟದ ಮೇಲೆ 'ತಿದ್ದಲಾಗಿದೆ' ಎಂಬ ಗುರುತು, ತಿದ್ದಿದ ದಿನ ಮತ್ತು ವೇಳೆ, ಹಳೆಯ ಪಾಠಕ್ಕೆ ಒಂದು ಕೊಂಡಿ, ಮೊದಲ ಪ್ರತಿ ಪಡೆದವರೆಲ್ಲರಿಗೂ ಮತ್ತೊಂದು ಇಮೇಲ್. ಇಷ್ಟು ಮಾಡುವವರೆಗೆ ನಾನು ಪೂರ್ಣ ಅಂಕ ಕೊಡುವುದಿಲ್ಲ. ಅಲ್ಲಿಯವರೆಗೆ ಮುಖ್ಯ ಸುತ್ತೋಲೆಗಳ ಪ್ರತಿಯನ್ನು ಪ್ರಕಟವಾದ ದಿನವೇ ಇಳಿಸಿಟ್ಟುಕೊಳ್ಳಿ ಎಂದು ನಮ್ಮ ವಿಭಾಗದ ಎಲ್ಲರಿಗೂ ಹೇಳಿದ್ದೇನೆ.

ತುರ್ತು ಸಂದೇಶದ ವ್ಯವಸ್ಥೆಯ ಬಗ್ಗೆ ನನ್ನ ಆಕ್ಷೇಪ ಬೇರೆ ರೀತಿಯದು. ವಿಶ್ವವಿದ್ಯಾಲಯವೊಂದು ತಡವಾಗಿ ಸುದ್ದಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವರ್ಜೀನಿಯಾ ಟೆಕ್‌ನ ಘಟನೆ ಸಾಕ್ಷಿಯಾಗಿದೆ. 2007ರ ಏಪ್ರಿಲ್ 16ರ ಬೆಳಿಗ್ಗೆ ಸುಮಾರು 7:15ಕ್ಕೆ ವಿದ್ಯಾರ್ಥಿನಿಲಯದಲ್ಲಿ ಮೊದಲ ಗುಂಡಿನ ದಾಳಿ ನಡೆಯಿತು. ಕ್ಯಾಂಪಸ್‌ಗೆಲ್ಲ ಇಮೇಲ್ ಹೋದದ್ದು 9:26ಕ್ಕೆ. ಅದಾದ ಸ್ವಲ್ಪ ಹೊತ್ತಿಗೇ ತರಗತಿಗಳ ಕಟ್ಟಡದಲ್ಲಿ ಎರಡನೆಯ ದಾಳಿಯಾಯಿತು. ಒಟ್ಟು 32 ಜನ ಕೊಲೆಯಾದರು. ಮರುವರ್ಷ, 2008ರಲ್ಲಿ, ಅಲ್ಲಿನ ಕ್ಯಾಂಪಸ್ ಸುರಕ್ಷತೆಯ ಕಾನೂನಿಗೆ ತಿದ್ದುಪಡಿ ತಂದು, ತುರ್ತು ಪರಿಸ್ಥಿತಿ ಖಚಿತವಾದ ಕೂಡಲೇ ಎಲ್ಲರಿಗೂ ತಿಳಿಸಬೇಕು, ಈ ವ್ಯವಸ್ಥೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು ಎಂದು ಕಡ್ಡಾಯ ಮಾಡಿದರು. ಇದನ್ನು ಓದಿದವರಾರೂ ತುರ್ತು ಸಂದೇಶದ ದಾರಿಯನ್ನು ಹಗುರವಾಗಿ ಬಳಸಲಾರರು.

ನಮ್ಮಲ್ಲಿ ಅದೇ ದಾರಿಯಲ್ಲಿ ಘಟಿಕೋತ್ಸವದ ಆಹ್ವಾನವೂ ಬರುತ್ತದೆ, ಕ್ರೀಡಾಕೂಟದ ಶುಭಾಶಯವೂ ಬರುತ್ತದೆ. ಜನ ಆ ಸಂಖ್ಯೆಯಿಂದ ಬರುವ ಸಂದೇಶದ ಸದ್ದನ್ನು ಮೊಬೈಲ್‌ನಲ್ಲಿ ನಿಲ್ಲಿಸಿಬಿಟ್ಟಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ನಾಳೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅನಿಲ ಸೋರಿದರೆ ಆ ಎಚ್ಚರಿಕೆ ಯಾರ ಕಿವಿಗೆ ಬೀಳುತ್ತದೆ?

ಸಂದೇಶದ ಉದ್ದದ್ದೂ ಒಂದು ಸಮಸ್ಯೆ. ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್‌ಎಂಎಸ್‌ನಲ್ಲಿ 160 ಹಿಡಿಸುತ್ತವೆ. ಕನ್ನಡದಂತಹ ಲಿಪಿಯಾದರೆ 70 ಮಾತ್ರ, ಅದರಲ್ಲೂ ಒತ್ತಕ್ಷರ, ಗುಣಿತಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಅದಕ್ಕಿಂತ ಉದ್ದವಾದದ್ದನ್ನು ಜಾಲವು ತುಂಡು ಮಾಡಿ ಕಳುಹಿಸುತ್ತದೆ. ಹಾಗಿರುವಾಗ 'ವಿಶ್ವವಿದ್ಯಾಲಯದ ಎಲ್ಲ ಬೋಧಕ ಮತ್ತು ಬೋಧಕೇತರ ಸಿಬ್ಬಂದಿಯ ಗಮನಕ್ಕೆ' ಎಂದು ಆರಂಭಿಸಿದರೆ ಮೊದಲ ತುಂಡಿನ ಬಹುಪಾಲು ಅಲ್ಲಿಗೇ ತುಂಬಿಹೋಗುತ್ತದೆ. ತುರ್ತು ಸಂದೇಶ ಕ್ರಿಯಾಪದದಿಂದಲೇ ಶುರುವಾಗಲಿ: 'ಹೊರಗೆ ಬನ್ನಿ. ರಸಾಯನ ಕಟ್ಟಡದಲ್ಲಿ ಅನಿಲ ಸೋರಿಕೆ.' ಇದನ್ನು ಬರೆದು ಕೊಟ್ಟಿದ್ದೇನೆ. ಮಾದರಿ ವಾಕ್ಯಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತೇವೆ ಎಂಬ ಉತ್ತರ ಬಂದಿದೆ, ಮಾದರಿಗಳು ಇನ್ನೂ ಬಂದಿಲ್ಲ.

ಜಾಲತಾಣದ ಹುಡುಕಾಟ ಚೆನ್ನಾಗಿದೆ, ವೇಗವಾಗಿಯೂ ಇದೆ. ಆದರೆ ಸಹಿ, ಮೊಹರು ಬಿದ್ದ ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದ ಸುತ್ತೋಲೆಗಳು ಅದರಲ್ಲಿ ಸಿಗುವುದಿಲ್ಲ. ದೃಷ್ಟಿದೋಷವಿರುವವರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅಂತಹ ಪುಟ ಬರೀ ಖಾಲಿ ಹಾಳೆ. ಸಹಿ ಮಾಡಿದ ಪ್ರತಿಯ ಪಕ್ಕದಲ್ಲೇ ಬೆರಳಚ್ಚಿನ ಪಾಠವನ್ನೂ ಹಾಕಿದರೆ ಎರಡೂ ಸಮಸ್ಯೆ ಬಗೆಹರಿಯುತ್ತವೆ. ಆ ಪಾಠ ಹೇಗೂ ಯಾರದೋ ಗಣಕದಲ್ಲಿ ಇದ್ದೇ ಇರುತ್ತದೆ.

ಗ್ರಂಥಾಲಯದ ವೇಳೆ, ಬಸ್ಸಿನ ವೇಳಾಪಟ್ಟಿ, ಸಭಾಂಗಣದ ಕಾಯ್ದಿರಿಸುವಿಕೆ ಇವೆಲ್ಲ ತೊಂದರೆಯಿಲ್ಲದೆ ನಡೆಯುತ್ತಿವೆ. ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ನಡಾವಳಿಗಳು ಜಾಲತಾಣಕ್ಕೆ ಬರುತ್ತವಾದರೂ ತುಂಬಾ ತಡವಾಗಿ ಬರುತ್ತವೆ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯ ನಿರ್ಧಾರ ಮೊದಲು ಕ್ಯಾಂಟೀನ್‌ನಲ್ಲಿ ಕೇಳಿಬಂದು, ಆಮೇಲೆ ಜಾಲತಾಣದಲ್ಲಿ ಕಾಣಿಸುವುದು ಸರಿಯಲ್ಲ. ಅನುಮೋದನೆಯಾಗುವವರೆಗೆ ಪೂರ್ಣ ನಡಾವಳಿ ಹಾಕಲಾಗದು ಎಂಬ ಕಷ್ಟ ನನಗೆ ಅರ್ಥವಾಗುತ್ತದೆ. ತೆಗೆದುಕೊಂಡ ನಿರ್ಣಯಗಳ ಪಟ್ಟಿಯನ್ನಾದರೂ ಅದೇ ವಾರದ ಸಂಚಿಕೆಯಲ್ಲಿ ಹಾಕಬಹುದು.

ಇಂತಹ ಸೇವೆಯನ್ನು ಹೊಸದಾಗಿ ಆರಂಭಿಸಲು ಹೊರಟ ಬೇರೆ ಸಂಸ್ಥೆಗಳವರು ಯಾರಾದರೂ ಇದನ್ನು ಓದುತ್ತಿದ್ದರೆ, ತಂತ್ರಾಂಶ ಯಾವುದೆಂದು ನೋಡುವ ಮೊದಲು ಪ್ರಕಟಿಸುವ ಅಧಿಕಾರ ಯಾರಿಗೆ, ತಿದ್ದುವ ಅಧಿಕಾರ ಯಾರಿಗೆ, ಅವರಿಲ್ಲದಾಗ ಯಾರು ಎಂಬುದನ್ನು ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಮೊದಲನೆಯದು ಮಾತ್ರ ಬರಹದಲ್ಲಿದೆ. ಉಳಿದ ಎರಡನ್ನು ಸೇರಿಸುವಂತೆ ಕೋರಿ ನಮ್ಮ ವಿಭಾಗದ ಸಭೆಯ ಠರಾವು ಕುಲಸಚಿವರ ಕಚೇರಿಗೆ ಹೋಗಿದೆ. ಅದಕ್ಕೆ ಉತ್ತರ ಬಂದ ದಿನ, ಅಂಕ ಬದಲಾದರೂ ಬದಲಾಗದಿದ್ದರೂ, ಈ ವಿಮರ್ಶೆಯ ಕೆಳಗೆ ದಿನಾಂಕ ಹಾಕಿ ಬರೆಯುತ್ತೇನೆ. ಮೇಲಿನ ಪಾಠವನ್ನು ತಿದ್ದುವುದಿಲ್ಲ.