ಕೂಗಿ ಹೇಳದ ಅಳತೆ: ಮಂಡಿಪೇಟೆಯ ಒಂದು ಹೊಲಿಗೆ ಅಂಗಡಿ

ದಾವಣಗೆರೆಯ ಮಂಡಿಪೇಟೆಯ ಒಳಗಲ್ಲಿಯಲ್ಲಿ, ಎರಡು ಹೊಲಿಗೆ ಯಂತ್ರಗಳಷ್ಟೇ ಹಿಡಿಸುವ ಈ ಪುಟ್ಟ ಅಂಗಡಿಯಲ್ಲಿ ಆರನೆಯ ತರಗತಿಯ ನನ್ನ ಮಗನಿಗೆ ಎರಡು ಜೊತೆ ಸಮವಸ್ತ್ರ ಹೊಲಿಸಿ ಐದು ತಿಂಗಳಾಯಿತು. ಉಟ್ಟು, ಒಗೆದು, ಆಟವಾಡಿ ನೋಡಿದ ಮೇಲೆಯೇ ಬರೆಯಬೇಕೆಂದು ಇಷ್ಟು ದಿನ ಕಾದೆ.

ಮಗನ ತೂಕ ವಯಸ್ಸಿಗೆ ಮೀರಿದ್ದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಬೆಳವಣಿಗೆ ನಕ್ಷೆಯಲ್ಲಿ ಅವನು ಬೊಜ್ಜಿನ ಗೆರೆ ದಾಟಿರುವುದನ್ನು ವೈದ್ಯರು ತೋರಿಸಿದ್ದರು. ಕಳೆದ ವರ್ಷ ಬೇರೊಂದು ಮಳಿಗೆಯಲ್ಲಿ ಸಿದ್ಧ ಉಡುಪು ಕೊಳ್ಳಲು ಹೋದಾಗ, "ಈ ಹುಡುಗಂಗೆ ಸ್ಕೂಲ್ ಸೈಜ್ ಆಗಲ್ಲ, ದೊಡ್ಡೋರದ್ದು ತಗಿ" ಎಂದು ಮಹಡಿಯಲ್ಲಿದ್ದ ಕೆಲಸದವನಿಗೆ ಅಲ್ಲಿನವರು ಕೂಗಿ ಹೇಳಿದರು. ಅವನ ಇಬ್ಬರು ಸಹಪಾಠಿಗಳು ಪಕ್ಕದಲ್ಲೇ ನಿಂತಿದ್ದರು. ದೊಡ್ಡವರ ಪ್ಯಾಂಟು ಸೊಂಟಕ್ಕೆ ಸರಿಹೋಯಿತು, ಕಾಲಿಗೆ ಉದ್ದವಾಯಿತು. ತೊಡೆಗಳು ಒಂದಕ್ಕೊಂದು ಉಜ್ಜುವ ಜಾಗದಲ್ಲಿ ಸವೆದ ಬಟ್ಟೆ ಒಂದು ದಿನ ಕಬಡ್ಡಿ ಆಡುವಾಗ ಹರಿಯಿತು. "ಡುಮ್ಮ" ಎಂಬ ಅಡ್ಡಹೆಸರು ಮೊದಲೇ ಇತ್ತು. ಅಂದಿನಿಂದ ಅವನು ಉತ್ತರ ಹೇಳಲು ಎದ್ದು ನಿಂತಾಗಲೆಲ್ಲ ಹಿಂದಿನ ಬೆಂಚುಗಳಿಂದ "ಪರ್ರ್" ಎಂಬ ಸದ್ದು ಬರತೊಡಗಿತು. ಅವನು ಉತ್ತರ ಹೇಳುವುದನ್ನೇ ಬಿಟ್ಟ. ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡ, ವಾರದಲ್ಲಿ ಎರಡು ದಿನ ಬೆಳಗಾದರೆ ಹೊಟ್ಟೆನೋವು ಎಂದು ಮಲಗಿದ.

ಈ ಅಂಗಡಿಯ ಮಾಸ್ಟರ್ ಅಳತೆ ತೆಗೆದ ರೀತಿಯನ್ನು ನಾನು ಮರೆಯಲಾರೆ. ಸಾಮಾನ್ಯವಾಗಿ ಟೇಪು ಹಿಡಿದವರು ಅಂಕಿಯನ್ನು ಕೂಗುತ್ತಾರೆ, ಹುಡುಗನೊಬ್ಬ ಬರೆದುಕೊಳ್ಳುತ್ತಾನೆ. ಇವರು ಮಗನನ್ನು ಒಳಗೆ ಕರೆದು, ಪ್ರತಿ ಅಳತೆಯನ್ನೂ ಬಾಯಿಬಿಡದೆ ತಾವೇ ಪುಸ್ತಕದಲ್ಲಿ ಬರೆದುಕೊಂಡರು. ಸೊಂಟಕ್ಕೆ ಟೇಪು ಸುತ್ತಿದಾಗ ಅವನು ಹೊಟ್ಟೆ ಒಳಗೆಳೆದುಕೊಂಡದ್ದನ್ನು ಗಮನಿಸಿ, "ಉಸಿರು ಬಿಡಪ್ಪ, ಆರಾಮಾಗಿ ನಿಲ್ಲು. ನೀನು ಕೂತಾಗ ಹಿಡಿಬಾರ್ದು ನೋಡು" ಎಂದಷ್ಟೇ ಹೇಳಿದರು. ಕಾಲರಿನ ಅಳತೆಗೆ ಬಂದಾಗ ಮಗ ಕತ್ತಿನ ಹಿಂಭಾಗವನ್ನು ಕೈಯಿಂದ ಮುಚ್ಚಿಕೊಂಡ. ಅಲ್ಲಿ ಚರ್ಮ ಕಪ್ಪಗೆ, ದಪ್ಪಗೆ ಆಗಿದೆ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು ಅದು, ಕೊಳೆಯಲ್ಲ. ಆದರೆ ಶಾಲೆಯಲ್ಲಿ ಅವನನ್ನು ಸ್ನಾನ ಮಾಡದವನೆಂದು ಆಡಿಕೊಳ್ಳುತ್ತಿದ್ದರು, ವೈದ್ಯರು ತಿಳಿಸಿ ಹೇಳುವವರೆಗೆ ನಾನೂ ಕಡಲೆಹಿಟ್ಟು ಹಾಕಿ ಚರ್ಮ ಕೆಂಪಾಗುವಂತೆ ಉಜ್ಜುತ್ತಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಾಸ್ಟರ್ ಏನನ್ನೂ ಕೇಳಲಿಲ್ಲ. ಕಾಲರಿನ ಒಳಗೆ ಇಡುವ ಗಟ್ಟಿ ಬಕ್ರಂ ಬಟ್ಟೆಯ ಬದಲು ಮೆತ್ತನೆಯದನ್ನು ಹಾಕಿ ಕೊಟ್ಟರು.

ಹೊಲಿಗೆಯಲ್ಲಿ ವಿಚಾರವಿದೆ. ಪ್ಯಾಂಟಿನ ತೊಡೆಯ ಸಂದಿಗೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟಿದ್ದಾರೆ. ಐದು ತಿಂಗಳಲ್ಲಿ ಅಲ್ಲಿ ಒಂದು ಎಳೆಯೂ ಬಿಟ್ಟಿಲ್ಲ. ಅಂಗಿಯ ಗುಂಡಿಗಳನ್ನು ಹತ್ತಿರ ಹತ್ತಿರ ಇಟ್ಟಿರುವುದರಿಂದ ಕುಳಿತಾಗ ನಡುವೆ ಬಾಯಿ ಬಿಡುವುದಿಲ್ಲ. ಬೆಳೆಯುವ ಮಗುವಿಗೆ ಕಠಿಣ ಪಥ್ಯ ಮಾಡಿಸುವುದಕ್ಕಿಂತ ತೂಕ ಏರದಂತೆ ನೋಡಿಕೊಂಡು ಎತ್ತರ ಹೆಚ್ಚಲು ಬಿಡಿ ಎಂದು ವೈದ್ಯರು ಹೇಳಿದ್ದನ್ನು ನಾನು ತಿಳಿಸಿದ್ದೆ. ಅದಕ್ಕೆ ತಕ್ಕಂತೆ ಕಾಲಿನ ತುದಿಯಲ್ಲಿ ಮೂರು ಇಂಚು ಮಡಿಕೆ ಬಿಟ್ಟಿದ್ದರು, ಕಳೆದ ತಿಂಗಳು ಅದರಲ್ಲಿ ಒಂದು ಇಂಚು ಬಿಚ್ಚಿಸಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ 5ರಿಂದ 19 ವರ್ಷದವರಲ್ಲಿ 39 ಕೋಟಿಗೂ ಹೆಚ್ಚು ಮಂದಿಯ ತೂಕ ಮಿತಿ ಮೀರಿತ್ತು, ಅವರಲ್ಲಿ 16 ಕೋಟಿ ಮಂದಿಗೆ ಬೊಜ್ಜಿತ್ತು. ಇಷ್ಟಾದರೂ ವಯಸ್ಸನ್ನೇ ಅಳತೆಯೆಂದು ಹಿಡಿದು ಸಮವಸ್ತ್ರ ಹೊಲಿದಿಡುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಅಡ್ಡಹೆಸರು ಬಟ್ಟೆಯಿಂದ ಹೋಗಲಿಲ್ಲ. ಅದಕ್ಕೆ ತರಗತಿಯ ಶಿಕ್ಷಕಿಯೊಂದಿಗೆ ಮೂರು ಸಲ ಕುಳಿತು ಮಾತನಾಡಬೇಕಾಯಿತು. ಆದರೆ ಸ್ವೆಟರ್ ಬೀರು ಸೇರಿದೆ, ಕಬಡ್ಡಿಗೆ ಅವನು ಮತ್ತೆ ಇಳಿದಿದ್ದಾನೆ.

ಕೊರತೆಗಳೂ ಇವೆ. ಹೇಳಿದ ದಿನಕ್ಕಿಂತ ಎಂಟು ದಿನ ತಡವಾಗಿ, ಶಾಲೆ ಆರಂಭವಾದ ಮೇಲೆ ಬಟ್ಟೆ ಕೈಸೇರಿತು. ಒಂದು ಜೊತೆ ಸಮವಸ್ತ್ರಕ್ಕೆ 800 ರೂಪಾಯಿ ಹೊಲಿಗೆ ಕೂಲಿ ಕೊಟ್ಟೆ, ರಸೀದಿ ಕೊಡುವುದಿಲ್ಲ. ಹಾಕಿ ನೋಡುವ ಮೂಲೆಗೆ ಪರದೆಯಿಲ್ಲ; ಇಂಥ ಮಕ್ಕಳು ಬರುವ ಅಂಗಡಿಗೆ ಅದು ಅಗತ್ಯವಾಗಿ ಬೇಕೆಂದು ಹೇಳಿ ಬಂದಿದ್ದೇನೆ. ನೀವು ಹೊಲಿಸುವುದಾದರೆ ಮೇ ಮೊದಲ ವಾರದಲ್ಲೇ ಬಟ್ಟೆ ಕೊಡಿ. ಸಂಜೆ ಏಳರ ನಂತರ ಅಲ್ಲಿ ಜನ ಕಡಿಮೆ. ಸಂಕೋಚಪಡುವ ಮಗುವನ್ನು ಆ ಹೊತ್ತಿಗೆ ಕರೆದುಕೊಂಡು ಹೋಗಿ.